ಅಂಟಿಸಿದ ಕುದುರೆ

"ಹಳೇ ಕಾಲದ ಆರ್ಚ್‌ಟಾಪ್ ಗಿಟಾರ್ ಮಾರಾಟಕ್ಕಿದೆ ಅಂತ ಹಾಕು," ಎಂದ ಅಣ್ಣ, ಕಿಟಕಿಯ ಕಡೆ ಮುಖ ಮಾಡಿಕೊಂಡು.

ಬಡಗಿಯಾದ ತಮ್ಮ ತನ್ನ ಮೊಬೈಲಿನ ಮೇಲೆ ಒಂದೇ ಬೆರಳಿನಲ್ಲಿ ಕುಟ್ಟತೊಡಗಿದ. ಉಳಿ ಹಿಡಿದು ಹಿಡಿದು ದಪ್ಪಗಾದ ಬೆರಳು ಅದು. ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದವಕ್ಕೂ ತಗಲುತ್ತಿತ್ತು. ಇನ್ನೇನು ಬರೆಯಲಿ ಎಂದು ಕೇಳಿದ. ಕೈಯಿಂದಲೇ ಉಬ್ಬಿಸಿ ಕೆತ್ತಿದ ಮುಖ, ಪಿಟೀಲಿಗಿರುವ ಹಾಗೆ ಎರಡು ಕಡೆಯೂ ಉದ್ದನೆಯ ಸೀಳು, ಮೊದಲಿನಿಂದ ಒಬ್ಬನೇ ನುಡಿಸಿದ್ದು, ಎಂದು ಅಣ್ಣ ಹೇಳುತ್ತ ಹೋದ. ಯಾರದೋ ಮನೆಯ ಸಾಮಾನಿನ ವಿಷಯ ಹೇಳುವವನ ಹಾಗೆ ಹೇಳಿದ.

"ದೋಷ ಏನಾದ್ರೂ ಇದ್ರೆ ಬರೀಬೇಕಂತೆ. ಇಲ್ಲಿ ಕೇಳ್ತಿದೆ."

"ಗಿಟಾರಿಗೇನೋ ದೋಷ? ಏನೂ ಇಲ್ಲ ಅಂತ ಹಾಕು. ದೋಷ ಇರೋದು ನನ್ನ ಕಿವೀಲಿ."

ತಮ್ಮ 'ಯಾವ ದೋಷವೂ ಇಲ್ಲ' ಎಂದು ಕುಟ್ಟಿದ. ಕುಟ್ಟುವಾಗ ಅಣ್ಣನಿಗೆ ಹೇಳದೆ ಮುಚ್ಚಿಟ್ಟ ಒಂದು ವಿಷಯ ನೆನಪಾಯಿತು. ಆದರೆ ಆ ಹೊತ್ತಿಗೆ ಅವನಿಗೆ ತನ್ನ ಗುಟ್ಟು ತೀರ ಪುಟ್ಟದು ಅನ್ನಿಸಿತ್ತು, ಒಳ್ಳೆಯ ಬಡಗಿ ಯಾರಿಗೂ ಹೇಳದೆ ಮುಚ್ಚಿಕೊಳ್ಳುವ ನೂರು ಸಣ್ಣ ರಿಪೇರಿಗಳಲ್ಲಿ ಒಂದು ಅಷ್ಟೆ. ಹಾಗಾಗಿ ಮುಂದಿನ ಪ್ರಶ್ನೆಗೆ ಹೋದ.

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವನು ಮೂಲೆಮಟ್ಟ. ಬಡಗಿಗಳು ಮರದ ಮೂಲೆ ನೆಟ್ಟಗಿದೆಯೋ ಇಲ್ಲವೋ ಎಂದು ಒತ್ತಿ ನೋಡುವ ಸಾಧನವಿದೆಯಲ್ಲ, ಅದು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಜೇಬಿಗಿಂತ ಹೆಚ್ಚಾಗಿ ಕಣ್ಣಿನಲ್ಲಿ ಇರುತ್ತಿತ್ತು. ಓರೆಯಾಗಿರುವುದನ್ನು ಕಂಡರೆ ಅವನಿಗೆ ಮೈಯೆಲ್ಲ ತುರಿಕೆ. ಯಾರ ಮನೆಗೆ ಹೋದರೂ ಕೂರುವ ಮುಂಚೆ ಗೋಡೆಯ ಫೋಟೋ ನೆಟ್ಟಗೆ ಮಾಡಬೇಕು. ಒಮ್ಮೆ ಸಾವಿನ ಮನೆಯಲ್ಲಿ, ಎಲ್ಲರೂ ಗೊಳೋ ಎಂದು ಅಳುತ್ತಿರುವಾಗ, ಹೋದವರ ಫೋಟೋವನ್ನೇ ಎರಡು ಕೈಯಲ್ಲಿ ಹಿಡಿದು ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ತಲೆ ವಾಲಿಸಿ ನೋಡಿದ್ದನಂತೆ. ಅದನ್ನು ಹೇಳಿಕೊಂಡು ಜನ ಇವತ್ತಿಗೂ ನಗುತ್ತಾರೆ.

ಅಣ್ಣ ಮಾತ್ರ ಯಾವತ್ತೂ ನಕ್ಕವನಲ್ಲ. ಅಪ್ಪ ಹೋದಾಗ ತಮ್ಮ ಇನ್ನೂ ಚಿಕ್ಕವನು. ಅವನನ್ನು ಒಬ್ಬ ಒಳ್ಳೆಯ ಬಡಗಿಯ ಕೈಕೆಳಗೆ ಸೇರಿಸಿ, ಊಟ ಬಟ್ಟೆ ನೋಡಿಕೊಂಡು, ಮನುಷ್ಯನನ್ನಾಗಿ ಮಾಡಿದವನು ಅಣ್ಣ. ಹಗಲು ಅಂಚೆ ಕಚೇರಿಯಲ್ಲಿ ಕೂತು, ವಾರದ ಕೊನೆಯಲ್ಲಿ ಒಂದು ದೊಡ್ಡ ಹೋಟೆಲಿನ ವಾದ್ಯದ ಗುಂಪಿನಲ್ಲಿ ಗಿಟಾರ್ ನುಡಿಸುತ್ತಿದ್ದ. ಮುಂದೆ ನಿಂತು ಮೆರೆಯುವ ವಾದನವಲ್ಲ ಅವನದು. ಹಿಂದೆ ಕುರ್ಚಿಯಲ್ಲಿ ಕೂತು, ತುತ್ತೂರಿಯವನೂ ಪಿಯಾನೋದವನೂ ದಾರಿ ತಪ್ಪದಂತೆ ಲಯ ಹಿಡಿದಿಡುವ ಕೆಲಸ. ಕುಣಿಯಲು ಬಂದವರು ಅವನ ಮುಖ ನೋಡುತ್ತಿರಲಿಲ್ಲ, ಆದರೆ ಕುಣಿಯುತ್ತಿದ್ದುದು ಅವನ ಕೈಗೇ. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೂ ಆ ಕುರ್ಚಿ ಅವನದೇ ಆಗಿತ್ತು.

ಆಮೇಲೆ ಗಿಟಾರಿನ ಪೆಟ್ಟಿಗೆಯ ಕೀಲು ಕಿತ್ತುಬಂತು. ಪೆಟ್ಟಿಗೆಯನ್ನು ಗಿಟಾರಿನ ಸಮೇತ ತಮ್ಮನ ಅಂಗಡಿಗೆ ತಂದಿಟ್ಟು, "ನಿಧಾನಕ್ಕೆ ಮಾಡು, ನಿನ್ನ ಅತ್ತಿಗೆ ಕಣ್ಣಿನ ಆಪರೇಷನ್ ಇದೆ, ಅದು ಮುಗಿಯೋವರೆಗೂ ನಂಗೆ ನುಡಿಸೋಕೆ ಪುರುಸೊತ್ತಿಲ್ಲ," ಎಂದು ಹೇಳಿ ಹೋದ.

ಕೀಲು ಕೂರಿಸುವುದು ಎಡಗೈ ಕೆಲಸ. ಮುಗಿಸಿ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ತಮ್ಮನಿಗೆ ಸುಮ್ಮನಿರಲು ಎಲ್ಲಿ ಬರುತ್ತದೆ! ಗಿಟಾರನ್ನು ಎತ್ತಿ ನೋಡಿದ. ತಂತಿಗಳ ಕೆಳಗೆ ಧೂಳು ಕೂತಿತ್ತು. ಅಣ್ಣನಿಗೆ ಖುಷಿಯಾಗಲಿ, ಲಕಲಕ ಅನ್ನುವ ಹಾಗೆ ಒರೆಸಿ ಕೊಡೋಣ ಎಂದು ತಂತಿಗಳನ್ನೆಲ್ಲ ಸಡಿಲಿಸಿದ. ಸಡಿಲಿಸಿದ್ದೇ ತಡ, ತಂತಿಗಳನ್ನು ಹೊತ್ತು ನಿಂತಿದ್ದ ಮರದ ತುಂಡು ಕಳಚಿ ಅವನ ಅಂಗೈಗೆ ಬಿತ್ತು. ವಾದ್ಯದವರು ಅದಕ್ಕೆ ಕುದುರೆ ಅನ್ನುತ್ತಾರೆ.

ಅಣ್ಣನ ಪ್ರಾಣವೇ ಆಗಿದ್ದ ವಸ್ತುವನ್ನು ಮುರಿದೆನಲ್ಲಪ್ಪಾ ಎಂದುಕೊಂಡ. ಕುದುರೆಯ ಕಾಲು ಕೂತಿದ್ದ ಜಾಗವನ್ನು ಹತ್ತಿರದಿಂದ ನೋಡಿದ. ಅಲ್ಲಿ ಹಳೆಯ ಅಂಟಿನ ಕುರುಹೂ ಇರಲಿಲ್ಲ. ಮೆರುಗು ಸವೆದು ಸ್ವಲ್ಪ ಮಾಸಿದ ಗುರುತಿತ್ತು, ಅದೂ ಓರೆಯಾಗಿ. ಅಂಟು ಎಂದೋ ಒಣಗಿ ಉದುರಿಹೋಗಿ, ತುಂಡು ಜಾರಿ ಜಾರಿ ಓರೆಯಾಗಿದೆ ಎಂದು ತೀರ್ಮಾನಿಸಿದ. ಬಡಗಿಯ ಬುದ್ಧಿಗೆ ಇನ್ನೇನು ತಾನೇ ಹೊಳೆಯಬೇಕು? ಮೂಲೆಮಟ್ಟ ಹಿಡಿದು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ನೆಟ್ಟಗೆ ಗೆರೆ ಎಳೆದು, ತನ್ನಲ್ಲಿದ್ದ ಅತ್ಯಂತ ಗಟ್ಟಿ ಅಂಟು ಹಾಕಿ ಕುದುರೆಯನ್ನು ಕೂರಿಸಿದ. ಒಣಗಿದ ಮೇಲೆ ಹೆಬ್ಬೆರಳಿನಿಂದ ನೂಕಿ ನೋಡಿದ. ಅಲ್ಲಾಡಲಿಲ್ಲ. ಇನ್ನು ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲಿಕ್ಕಿಲ್ಲ ಎಂದು ಬೀಗಿದ. ಅಣ್ಣ ಬಂದಾಗ ಕೀಲಿನ ವಿಷಯ ಹೇಳಿದ, ಕುದುರೆಯ ವಿಷಯ ಹೇಳಲಿಲ್ಲ. ಮುರಿದೆ ಅಂತ ಯಾಕೆ ಹೇಳಬೇಕು, ಸರಿಮಾಡಿ ಆಗಿದೆಯಲ್ಲ.

ಅತ್ತಿಗೆಯ ಕಣ್ಣು ವಾಸಿಯಾಗಿ ಅಣ್ಣ ಮತ್ತೆ ಹೋಟೆಲಿಗೆ ಹೋದ. ಅಂದೇ ಏನೋ ಕೆಟ್ಟಿತು. ತಂತಿಗಳನ್ನು ಬಿಡಿಯಾಗಿ ಮೀಟಿದರೆ ಶ್ರುತಿ ಸರಿಯಿತ್ತು, ಶ್ರುತಿ ನೋಡುವ ಯಂತ್ರವೂ ಹಸಿರು ದೀಪ ತೋರಿಸುತ್ತಿತ್ತು. ಆದರೆ ಗಿಟಾರಿನ ಕತ್ತಿನ ಮೇಲೆ ತಂತಿ ಒತ್ತುವ ಬೆರಳು ಮೇಲಿನ ಮೆಟ್ಟುಗಳಿಗೆ ಏರಿದಂತೆ ದಪ್ಪ ತಂತಿಗಳು ಕಿವಿಗೆ ಹುಳಿಯಾಗಿ, ಅಪಸ್ವರವಾಗಿ ಕೇಳಿಸುತ್ತಿದ್ದವು. ಮೇಲೆ ಸರಿಮಾಡಲು ಹೋದರೆ ಕೆಳಗೆ ಕೆಡುತ್ತಿತ್ತು. ಪ್ರತಿ ಹಾಡಿನ ನಡುವೆಯೂ ಬಿರಡೆ ತಿರುಗಿಸುತ್ತ ಕೂತ ಅಣ್ಣನನ್ನು ನೋಡಿ ತುತ್ತೂರಿಯವನು ಮೊದಲು ಹುಬ್ಬು ಹಾರಿಸಿದ, ಆಮೇಲೆ ಹುಬ್ಬು ಗಂಟಿಕ್ಕಿದ. ಒಂದು ದಿನ ಪಕ್ಕಕ್ಕೆ ಕರೆದು, ಸ್ವಲ್ಪ ವಿಶ್ರಾಂತಿ ತಗೊಳ್ಳಿ ಎಂದ. ಯಂತ್ರ ಸರಿ ಅನ್ನುತ್ತಿದೆ, ತನ್ನ ಕಿವಿ ತಪ್ಪು ಅನ್ನುತ್ತಿದೆ; ಹಾಗಾದರೆ ಹೋಗಿರುವುದು ಕಿವಿಯೇ, ಎಂದು ಅಣ್ಣ ಲೆಕ್ಕ ಹಾಕಿದ. ಕುರ್ಚಿಗೆ ಬೇರೊಬ್ಬ ಬಂದ. ನುಡಿಸದವನ ಮನೆಯಲ್ಲಿ ವಾದ್ಯ ಇರಬಾರದು, ನುಡಿಸುವವರ ಕೈಗೆ ಹೋಗಲಿ ಎಂದು ಅಣ್ಣ ಮಾರಾಟಕ್ಕೆ ಇಟ್ಟ.

ನೋಡಲು ಬಂದವಳು ಒಬ್ಬ ಸಂಗೀತದ ಟೀಚರ್. ಯಾರೋ ತನ್ನ ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡುವುದನ್ನು ಕಾಣುವ ಶಕ್ತಿ ತನಗಿಲ್ಲ ಎಂದು ಅಣ್ಣ ಅದನ್ನು ತಮ್ಮನ ಅಂಗಡಿಯಲ್ಲೇ ಇಡಿಸಿದ್ದ. ಟೀಚರ್ ಮರದ ಹೊಟ್ಟು ಕೊಡವಿ ಸ್ಟೂಲಿನ ಮೇಲೆ ಕೂತಳು. ತಂತಿಯನ್ನು ಒಮ್ಮೆ ಬಿಡಿಯಾಗಿ ಮೀಟಿದಳು, ಅದೇ ತಂತಿಯನ್ನು ನಡುವೆ ಒತ್ತಿ ಇನ್ನೊಮ್ಮೆ ಮೀಟಿದಳು. ಮುಖ ಸಿಂಡರಿಸಿ ಬೆರಳ ತುದಿಯಿಂದ ಕುದುರೆಯನ್ನು ನೂಕಿದಳು.

"ಇದನ್ನ ಯಾರು ಅಂಟಿಸಿದ್ದು?"

"ಯಾಕೆ ಮೇಡಂ, ಗಟ್ಟಿಯಾಗಿಲ್ವಾ?"

"ಗಟ್ಟಿಯಾಗಿರೋದೇ ಗ್ರಹಚಾರ. ಈ ಥರದ ಗಿಟಾರಿಗೆ ಕುದುರೆ ಅಂಟಿಸೋದೇ ಇಲ್ಲ. ತಂತಿ ಬಿಗಿತಕ್ಕೆ ತಾನಾಗೇ ನಿಲ್ಲುತ್ತೆ. ಕೇಳ್ಕೊಂಡು ಕೇಳ್ಕೊಂಡು ಜಾಗ ಹುಡುಕಿ ನಿಲ್ಲಿಸ್ಬೇಕು. ದಪ್ಪ ತಂತಿ ಕಡೆ ಸ್ವಲ್ಪ ಹಿಂದೆ, ಓರೆಯಾಗಿ."

"ಓರೆಯಾಗೇ ಇರ್ಬೇಕಾ?"

"ಓರೆಯಾಗೇ ಇರ್ಬೇಕು. ಹೀಗೆ ನೆಟ್ಟಗಿಟ್ರೆ ಮೇಲೆ ಹೋದ ಹಾಗೆಲ್ಲಾ ಅಪಸ್ವರ." ಅವಳು ಗಿಟಾರನ್ನು ತೊಡೆಯ ಮೇಲೆ ಮಲಗಿಸಿದಳು. "ಇಷ್ಟು ಚೆನ್ನಾಗಿರೋ ಗಿಟಾರನ್ನ ಯಾಕೆ ಮಾರ್ತಿದಾರೆ ನಿಮ್ಮಣ್ಣ?"

ಕಿವಿ, ಎಂದ ತಮ್ಮ. ಶ್ರುತಿ ಸಿಗ್ತಿಲ್ಲ ಅವನಿಗೆ, ಮೇಲಿನ ಮೆಟ್ಟಲ್ಲಿ ಹುಳಿ ಹುಳಿಯಾಗಿ ಕೇಳಿಸುತ್ತಂತೆ, ಎಂದ. ಹೇಳುತ್ತಿರುವಾಗಲೇ ಅವನ ದನಿ ಇಳಿಯುತ್ತ ಹೋಯಿತು.

ಟೀಚರ್ ಅವನ ಮುಖವನ್ನೂ ಗೋಡೆಯ ಪಕ್ಕ ಇಟ್ಟಿದ್ದ ಅಂಟಿನ ಡಬ್ಬಗಳನ್ನೂ ನೋಡಿದಳು. ದಡ್ಡಿಯೇನಲ್ಲ. "ಹುಳಿಯಾಗಿರೋದು ಹುಳಿಯಾಗಿ ಕೇಳಿಸ್ತಿದೆ ಅಂದ್ರೆ ಅವರ ಕಿವಿ ಚೆನ್ನಾಗೇ ಇದೆ ಅಂತ," ಎಂದಳು. "ನಂಗೆ ಇದು ಬೇಕು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮೊದ್ಲು ಅವರಿಗೆ ವಿಷಯ ಹೇಳಿ. ಆಮೇಲೂ ಮಾರ್ತೀನಿ ಅಂದ್ರೆ ಫೋನ್ ಮಾಡಿ."

"ಇವತ್ತೇ ಹೇಳ್ತೀನಿ," ಎಂದ ತಮ್ಮ.

ಹೇಳಬೇಕೆಂದೇ ಹೋದ. ಅಣ್ಣನ ಮನೆಯ ಮೆಟ್ಟಿಲು ಹತ್ತುವವರೆಗೂ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಬಾಗಿಲು ತೆಗೆದವನೇ ಅಣ್ಣ, "ಏನಂದ್ರೋ? ಇಷ್ಟ ಆಯ್ತಾ? ನಿನ್ನ ಕೀಲು ನೋಡಿದ್ರಾ? ನನ್ನ ತಮ್ಮ ಮಾಡಿದ್ದು ಅಂತ ಹೇಳ್ಬೇಕಿತ್ತು ಕಣೋ," ಎಂದ. ಮಾತು ನಾಲಿಗೆಯಿಂದ ಜಾರಿ ಹೊಟ್ಟೆಗೆ ಹೋಯಿತು. "ಯೋಚನೆ ಮಾಡಿ ಹೇಳ್ತಾರಂತೆ," ಎಂದು ತಮ್ಮ ಕಾಫಿ ಕುಡಿದು ಬಂದ.

ಅವನು ಕೆಟ್ಟವನಲ್ಲ. ಹೆದರಿದವನು. ಹೆದರಿದವನಿಗೆ ಎಂಥೆಂಥ ಬುದ್ಧಿ ಬರುತ್ತದೆ ನೋಡಿ. ಅಣ್ಣನಿಗೆ ವಯಸ್ಸಾಗಿದೆ, ಈ ವಯಸ್ಸಿನಲ್ಲಿ ಯಾರ ಕಿವಿ ತಾನೇ ಪೂರ್ತಿ ಸರಿಯಿರುತ್ತದೆ, ಎಂದು ಲೆಕ್ಕ ಹಾಕಿದ. ಒಂದಿಷ್ಟಾದರೂ ಮಂದವಾಗಿದ್ದರೆ ಸಾಕು, ತಪ್ಪು ಕಿವಿಗೊಂದು ಪಾಲು ಅಂಟಿಗೊಂದು ಪಾಲು ಹಂಚಿಹೋಗುತ್ತದೆ. ಯಾರಿಗೂ ಏನೂ ಹೇಳದೆ ಕುದುರೆಯನ್ನು ಬಿಡಿಸಿಬಿಡಬಹುದು. ಮರುದಿನ ಬೆಳಗ್ಗೆಯೇ ಹೋಗಿ, "ಮಾರೋಕೆ ಮುಂಚೆ ಒಂದ್ಸಲ ಕಿವಿ ಡಾಕ್ಟರ್‌ಗೆ ತೋರಿಸಿಬಿಡೋಣ ಅಣ್ಣ," ಎಂದ. ಅಣ್ಣ ಬೇಡ ಎಂದ. ಅತ್ತಿಗೆ, "ಅವನಿಗಿರೋ ಕಾಳಜಿ ನಿಮಗಿಲ್ವಲ್ಲ, ಹೋಗಿ ಬನ್ನಿ," ಎಂದು ಗದರಿ ಕಳಿಸಿದಳು. ಕಾಳಜಿ ಎಂಬ ಮಾತು ಕೇಳಿ ತಮ್ಮನಿಗೆ ನೆಲ ನೋಡುವ ಹಾಗಾಯಿತು.

ಆಸ್ಪತ್ರೆಯಲ್ಲಿ ಅಣ್ಣನನ್ನು ಒಂದು ಗಾಜಿನ ಗೂಡಿನೊಳಗೆ ಕೂರಿಸಿದರು. ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗಲೆಲ್ಲ ಕೈ ಎತ್ತಿ ಎಂದರು. ತಮ್ಮ ಹೊರಗೆ ಬೆಂಚಿನ ಮೇಲೆ ಕೂತು ಗಾಜಿನಾಚೆ ನೋಡುತ್ತಿದ್ದ. ಅಣ್ಣ ಕಣ್ಣು ಮುಚ್ಚಿ, ಸ್ಕೂಲು ಹುಡುಗನ ಶ್ರದ್ಧೆಯಿಂದ ಕೂತಿದ್ದ. ಕೈ ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಎತ್ತಬೇಡ, ಎಂದಿತು ತಮ್ಮನ ಮನಸ್ಸು. ಇದೊಂದು ಸಲ ಎತ್ತಬೇಡ ಮಾರಾಯ. ಅಣ್ಣ ಎತ್ತಿದ. ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಕಿವುಡನಾಗಿರಲಿ ಎಂದು ತಾನು ಇಲ್ಲಿ ಕೂತು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಅರಿವಾದಾಗ ತಮ್ಮನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೇಸಿಗೆಯಾದರೂ ಬೇಡುವುದು ನಿಲ್ಲಲಿಲ್ಲ.

ಡಾಕ್ಟರ್ ಇಬ್ಬರನ್ನೂ ಒಳಗೆ ಕರೆದು ಕೂರಿಸಿದರು. "ಏನ್ರೀ ಯಜಮಾನ್ರೆ, ನಿಮ್ಮ ವಯಸ್ಸಲ್ಲಿ ಇಂಥ ಕಿವಿ ನಾನು ನೋಡೇ ಇಲ್ಲ. ನನಗಿಂತ ಚೆನ್ನಾಗಿ ಕೇಳ್ಸುತ್ತೆ ನಿಮಗೆ. ಆರಾಮಾಗಿ ಮನೆಗೆ ಹೋಗಿ," ಎಂದರು.

ಅಣ್ಣನ ಮುಖ ಬಿಳಿಚಿಕೊಂಡಿತು. ಸಂತೋಷಪಡಬೇಕಾದ ಮನುಷ್ಯ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಸರಿಯಾಗಿ ನೋಡಿದ್ರಾ ಡಾಕ್ಟ್ರೇ? ಇನ್ನೊಂದ್ಸಲ ನೋಡ್ತೀರಾ?" ಎಂದು ಕೇಳಿದ. ನೋಡುವುದೇನೂ ಇಲ್ಲ ಎಂದು ಡಾಕ್ಟರ್ ನಕ್ಕರು.

ಹೊರಗೆ ಬಂದು ಇಬ್ಬರೂ ಬಸ್ಸು ನಿಲ್ಲುವ ಕಡೆ ನಡೆದರು. ಅಣ್ಣ, "ಹಾಗಾದ್ರೆ ತಲೆ ಕಣೋ," ಎಂದ.

"ಏನು ತಲೆ?"

"ಕಿವಿ ಸರಿಯಿದೆ, ಯಂತ್ರ ಸರಿಯಿದೆ, ಗಿಟಾರ್ ಸರಿಯಿದೆ. ಇನ್ನೇನು ಉಳೀತು ಹೇಳು? ಅಮ್ಮಂಗೆ ಹೇಗೆ ಶುರುವಾಯ್ತು ನೆನಪಿದ್ಯಾ? ಉಪ್ಪು ಉಪ್ಪಿನ ಹಾಗಿಲ್ಲ ಅಂತ ಶುರುಮಾಡಿದ್ಲು. ನಾವು ನಕ್ವಿ. ಆಮೇಲೆ ನಮ್ಮನ್ನೇ ಯಾರು ಅಂತ ಕೇಳಿದ್ಲು." ಅವನು ತಮ್ಮನ ತೋಳು ಹಿಡಿದುಕೊಂಡ. "ಇವಳಿಗೆ ಹೇಳ್ಬೇಡ. ಪಾಪ, ಈಗಷ್ಟೇ ಕಣ್ಣು ಸರಿಹೋಗಿದೆ. ನಾನು ತೀರಾ ಹಾಗಾಗಿಬಿಟ್ರೆ ಇವಳ ಕೈಲಿ ಆಗಲ್ಲ. ನೀನು ನೋಡ್ಕೋಬೇಕು."

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲೇಬೇಕಿತ್ತು. ತಮ್ಮನ ಬಾಯಿಗೆ ಬಂದದ್ದು ಮಾತ್ರ, "ಏನೂ ಆಗಲ್ಲ ಬಾ, ಬಸ್ ಬಂತು," ಎಂಬುದು. ಇಷ್ಟು ದಿನ ಸುಮ್ಮನಿದ್ದು ಈಗ ಹೇಳಿದರೆ ಸುಮ್ಮನಿದ್ದುದಕ್ಕೂ ಉತ್ತರ ಕೊಡಬೇಕಲ್ಲ, ಎಂಬ ಭಯ ಅಂಟಿಸಿದ್ದನ್ನು ಒಪ್ಪಿಕೊಳ್ಳುವ ಭಯಕ್ಕಿಂತ ದೊಡ್ಡದಾಗಿ ಬೆಳೆದಿತ್ತು. ಬಸ್ಸಿನಲ್ಲಿ ಅಣ್ಣನಿಗೆ ಸೀಟು ಹಿಡಿದುಕೊಟ್ಟ. ಅಣ್ಣ ಉದ್ದಕ್ಕೂ ಅಂಗಡಿಗಳ ಬೋರ್ಡು ಓದಿಕೊಂಡು ಹೋದ, ಪರೀಕ್ಷೆ ಬರೆಯುವವನ ಹಾಗೆ.

ಮುಂದಿನ ದಿನಗಳಲ್ಲಿ ಅಣ್ಣ ತನ್ನನ್ನು ತಾನೇ ಕಾವಲು ಕಾಯತೊಡಗಿದ. ಒಲೆ ಆರಿಸಿದೆನಾ ಎಂದು ಅಡುಗೆಮನೆಗೆ ಹೋಗಿ ನೋಡುವುದು, ಬಾಗಿಲ ಚಿಲಕ ಎಳೆದು ನೋಡುವುದು. ಅಂಚೆ ಕಚೇರಿಯಲ್ಲಿ ಜೊತೆಗಿದ್ದವರ ಹೆಸರುಗಳನ್ನು ಗುನುಗಿಕೊಳ್ಳುತ್ತ, ಒಂದು ಹೆಸರು ಸಿಗದಿದ್ದರೆ ಬೆವರುವುದು. ಅತ್ತಿಗೆ ತಮ್ಮನಿಗೆ ಫೋನ್ ಮಾಡಿ, "ನಿಮ್ಮಣ್ಣ ನನ್ನ ಹತ್ರ ಏನೋ ಮುಚ್ಚಿಡ್ತಿದಾರೆ. ನಿನ್ನೆ ನನ್ನ ಕೈ ಹಿಡ್ಕೊಂಡು, ನನ್ನ ಹೆಸರು ಹೇಳಿ, ಸರಿ ತಾನೇ ಅಂತ ಕೇಳಿದ್ರು ಕಣೋ. ನಂಗೆ ಭಯ ಆಗ್ತಿದೆ," ಎಂದಳು. ಅವಳು ಅಳುತ್ತಿದ್ದಳು.

ತಮ್ಮ ತನ್ನ ಕೈಯಲ್ಲಿದ್ದ ಕೆಲಸ ಹಾಗೆಯೇ ಬಿಟ್ಟ. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಹೊತ್ತುಕೊಂಡು ಅಣ್ಣನ ಮನೆಗೆ ಓಡಿದ.

ಪೆಟ್ಟಿಗೆಯನ್ನು ಅಣ್ಣನ ಮುಂದೆ ಇಟ್ಟು ಮುಚ್ಚಳ ತೆಗೆದ. ಕೂರಲಿಲ್ಲ. "ಇದನ್ನ ನಾನು ಅಂಟಿಸಿದ್ದು," ಎಂದು ಕುದುರೆಯ ಮೇಲೆ ಬೆರಳಿಟ್ಟು ತೋರಿಸಿದ. "ತಂತಿ ಬಿಚ್ಚಿದಾಗ ಕೈಗೆ ಬಂತು. ಮುರಿದೆ ಅಂದ್ಕೊಂಡು ಅಂಟಿಸ್ದೆ. ಓರೆಯಾಗಿತ್ತು ಅಂತ ನೆಟ್ಟಗೆ ಮಾಡ್ದೆ. ಅದಕ್ಕೇ ಶ್ರುತಿ ಕೆಟ್ಟಿರೋದು ಅಣ್ಣ. ನಿನ್ನ ಕಿವಿಗೂ ಏನೂ ಆಗಿಲ್ಲ, ತಲೆಗೂ ಏನೂ ಆಗಿಲ್ಲ. ಆಗಿರೋದೆಲ್ಲಾ ನನ್ನಿಂದ."

ಅಣ್ಣ ಗಿಟಾರಿನ ಮೇಲೆ ಬಾಗಿದ. ಕುದುರೆಯ ಬುಡವನ್ನು ಉಗುರಿನಿಂದ ಮುಟ್ಟಿ ನೋಡಿದ.

"ಅಂಟು ಹಾಕಿರೋದು ನಾನು ಅವತ್ತೇ ನೋಡಿದ್ನಲ್ಲೋ," ಎಂದ ಮೆಲ್ಲಗೆ. "ಅಂಟಿಸೋದಲ್ಲ ಇದು, ಯಾಕೆ ಅಂಟಿಸಿದಾನಪ್ಪ ಅಂದ್ಕೊಂಡೆ. ಆದ್ರೆ ಅಂಟಿಸಿರೋನು ನೀನು. ಅಳತೆ ಮಾಡಿ, ಎಲ್ಲಿತ್ತೋ ಅಲ್ಲೇ ಕೂರಿಸಿರ್ತೀಯ ಅಂದ್ಕೊಂಡೆ. ನಿನ್ನ ಕೈ ತಪ್ಪಿರಬಹುದು ಅಂತ ನಂಗೆ ಹೊಳೀಲೇ ಇಲ್ಲ ಕಣೋ. ಅದಕ್ಕೇ ನನ್ನ ಕಿವೀನೇ ತಪ್ಪು ಅಂದ್ಕೊಂಡಿದ್ದು."

ತಮ್ಮನಿಗೆ ಅಳು ಒತ್ತರಿಸಿ ಬಂತು. ಬೈಯಲಿ, ಕೈಗೆ ಸಿಕ್ಕಿದ್ದು ಎತ್ತಿ ಹೊಡೆಯಲಿ ಎಂದು ಕಾದ. ಆದರೆ ಅಣ್ಣನ ಮುಖದಲ್ಲಿ ಬೇರೇನೋ ಆಗುತ್ತಿತ್ತು. ತುಟಿ ನಡುಗಿತು, ಕಣ್ಣು ಅರಳಿತು, ಆಮೇಲೆ ನಗು ಒಡೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಏ ಇವಳೇ, ಬಾ ಇಲ್ಲಿ!" ಎಂದು ಕೂಗಿದ. "ನಂಗೇನೂ ಆಗಿಲ್ವಂತೆ! ತಲೆ ಸರಿಯಾಗೇ ಇದೆಯಂತೆ! ಅಂಟಂತೆ ಕಣೇ, ಬರೀ ಅಂಟಂತೆ!" ತಮ್ಮನ ಭುಜ ಹಿಡಿದು ಅಲ್ಲಾಡಿಸಿದ. "ಹೋಗ್ಲಿ ಬಿಡೋ, ಅಂಟು ತಾನೇ, ಬಿಡಿಸಿದ್ರಾಯ್ತು. ನಿಂಗೆ ಹೇಗೆ ಗೊತ್ತಾಗ್ಬೇಕಿತ್ತು? ನಾನೇ ಹೇಳಿರ್ಲಿಲ್ಲ. ಅಯ್ಯೋ, ಎಷ್ಟು ಹೆದರಿಸಿಬಿಟ್ಯೋ ಮಾರಾಯ!"

ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ನಗಲಿಲ್ಲ. ಗಂಡನ ಮುಖ ನೋಡಿದಳು, ಮೈದುನನ ಮುಖ ನೋಡಿದಳು.

"ಅಂಟಿಂದ ಹೀಗಾಗಿದ್ದು ಅಂತ ನಿಂಗೆ ಯಾರು ಹೇಳಿದ್ದು?" ಎಂದು ಕೇಳಿದಳು.

"ನೋಡೋಕೆ ಬಂದಿದ್ರಲ್ಲ, ಆ ಟೀಚರ್."

"ಅವರು ಬಂದು ಹೋಗಿ ಎಷ್ಟೋ ದಿನ ಆಯ್ತಲ್ಲ."

ಸುಳ್ಳು ಹೇಳಬಹುದಿತ್ತು, ತಮ್ಮನಿಗೆ ಹೊಳೆಯಲೂ ಹೊಳೆಯಿತು. ಹೇಳಲಿಲ್ಲ. "ಡಾಕ್ಟರ್ ಹತ್ರ ಹೋಗೋಕೆ ಮುಂಚೆನೇ ಗೊತ್ತಿತ್ತು ಅತ್ತಿಗೆ," ಎಂದ.

ಅಣ್ಣನ ನಗು ಅಲ್ಲಿಗೆ ನಿಂತಿತು. ಅವನ ಕೈ ಇನ್ನೂ ತಮ್ಮನ ಭುಜದ ಮೇಲೆಯೇ ಇತ್ತು. ಅವನು ತಮ್ಮನನ್ನು ಎಂದೂ ನೋಡದವನ ಹಾಗೆ ನೋಡಿದ, ಏನೋ ನೆನಪು ಮಾಡಿಕೊಂಡ, ಆಮೇಲೆ ಕೈ ತೆಗೆದ.

"ಅಲ್ಲಿ ಡಾಕ್ಟ್ರ ಮುಂದೆ ನನ್ನ ಪಕ್ಕದಲ್ಲೇ ಕೂತಿದ್ಯಲ್ಲೋ," ಎಂದ.

"ಕೂತಿದ್ದೆ," ಎಂದ ತಮ್ಮ.